ಓದುಗರ ಪ್ರಶ್ನೆ: ವಾಕಿಟಾಕಿಯಲ್ಲಿ ಆಡಿದ ಮನೆ ಮಾತು

ಈ ಸಲ ಬಂದ ಪತ್ರಗಳನ್ನು ವಿಂಗಡಿಸುವಾಗ ಐದು ಪತ್ರ ಒಂದೇ ಕಡೆ ಕೂತವು. ಐದೂ ವಾಕಿಟಾಕಿಯ ಬಗ್ಗೆ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು 27 ವರ್ಷ ಆಳುಗಳ ಕೆಲಸ, ಲೆಕ್ಕ ನೋಡುವ ರೈಟರ್ ಆಗಿದ್ದೆ. ಅದರಲ್ಲಿ ಕೊನೆಯ ಇಪ್ಪತ್ತು ವರ್ಷ ಸೊಂಟದಲ್ಲಿ ಸೆಟ್ ಇಲ್ಲದೆ ತೋಟಕ್ಕೆ ಇಳಿದ ದಿನ ಕಡಿಮೆ. ಆಮೇಲೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರೀಕ್ಷೆ ಕಟ್ಟಿ ಲೈಸೆನ್ಸನ್ನೂ ತಗೊಂಡೆ. ಹಾಗಾಗಿ ಈ ತಿಂಗಳ ಪುಟವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಪ್ರಶ್ನೆ: ನಮ್ಮದು 18 ಎಕರೆ ತೋಟ. ಮನೆ ಹತ್ತಿರ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಬರುತ್ತೆ, ತೋಟಕ್ಕೆ ಇಳಿದರೆ ಅದೂ ಇಲ್ಲ. ಆನೆ ಕಾಟ ಅಂತ ಬೆಂಗಳೂರಿನಲ್ಲಿರುವ ಮಗ ಮೂರು ವರ್ಷದ ಹಿಂದೆ ಒಂದು ಜೊತೆ ವಾಕಿಟಾಕಿ ತಂದುಕೊಟ್ಟ. ಮಗಳು ಗಂಡನ ಮನೆಯಲ್ಲಿ ತುಂಬ ನೊಂದು ನಮ್ಮಲ್ಲಿಗೆ ಬಂದಿದ್ದಾಳೆ. ಒಂದು ದಿನ 'ಇನ್ನು ವಾಪಸ್ ಹೋಗಲ್ಲಮ್ಮ' ಅಂತ ಅತ್ತಳು. ನನಗೆ ತಡೆಯೋಕೆ ಆಗಲಿಲ್ಲ. ಯಜಮಾನರು ಕೆಳಗಿನ ಬ್ಲಾಕಿನಲ್ಲಿದ್ದರು. ಸೆಟ್ಟಿನಲ್ಲೇ ಎಲ್ಲಾ ಹೇಳಿದೆ, ಲಾಯರ ಹತ್ತಿರ ಹೋಗಬೇಕು ಅನ್ನೋದನ್ನೂ. ನಾಲ್ಕನೇ ದಿನ ಸಂತೆಯಲ್ಲಿ ಬರೀ ಮುಖಪರಿಚಯ ಇರುವ ಒಬ್ಬರು 'ಮಗಳ ವಿಷಯ ಕೇಳಿ ಬೇಜಾರಾಯ್ತು' ಅಂದರು. ಕೈಯಲ್ಲಿದ್ದ ತರಕಾರಿ ಚೀಲ ಬಿಟ್ಟುಬಿಟ್ಟೆ. ನಾವು ಯಾರಿಗೂ ಹೇಳಿರಲಿಲ್ಲ. ಮನೆ ಕೆಲಸದವಳ ಮೇಲೆ ಅನುಮಾನ ಬಂದು ಅವಳನ್ನು ಬೈದೂ ಬಿಟ್ಟೆ. ಸೆಟ್ಟಿನ ಡಬ್ಬದ ಮೇಲೆ 'ಪ್ರೈವೆಸಿ ಕೋಡ್ 38' ಅಂತ ಇದೆ. ಮಗ 12 ಅಂತ ಹಾಕಿಕೊಟ್ಟಿದ್ದಾನೆ. ಕೋಡ್ ಇದ್ದ ಮೇಲೂ ಹೀಗಾಗುತ್ತಾ? ಮಗಳು ಈಗ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.
– ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಅಮ್ಮಾ, ಈ ಪುಟ ಮಡಚಿಟ್ಟು ಮೊದಲು ಆ ಕೆಲಸದವಳ ಹತ್ತಿರ ಹೋಗಿ. 'ನಿನ್ನ ಮೇಲೆ ಸುಮ್ನೆ ಅನುಮಾನ ಪಟ್ಟೆ, ತಪ್ಪಾಯ್ತು' ಅನ್ನಿ. ನೀವು ಬರೆದಿರುವುದನ್ನು ನೋಡಿದರೆ ಮಾತು ಹೊರಗೆ ಹೋದದ್ದು ಬಹುಪಾಲು ಸೆಟ್ಟಿನ ದಾರಿಯಲ್ಲೇ. ಹೇಗೆ ಅಂತ ಹೇಳುತ್ತೇನೆ.

ನಿಮ್ಮ ಮಗ ತಂದಿರುವುದು ಲೈಸೆನ್ಸ್ ಬೇಡದ ಸಣ್ಣ ಸೆಟ್ ಇರಬೇಕು. ನಮ್ಮ ದೇಶದಲ್ಲಿ 2018ರಿಂದ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಒಂದು ಸಣ್ಣ ತರಂಗಾಂತರ ಪಟ್ಟಿಯನ್ನು ಇಂಥ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಬಿಟ್ಟುಕೊಟ್ಟಿದ್ದಾರೆ. ಅಷ್ಟು ಚಿಕ್ಕ ಪಟ್ಟಿಯಲ್ಲಿ ಹಿಡಿಸುವುದು 16 ಚಾನೆಲ್. ನಿಮ್ಮದೂ ಅದೇ 16, ಪಕ್ಕದ ತೋಟದವರದೂ ಅದೇ 16, ಗುಡ್ಡದಾಚೆ ಹೋಂಸ್ಟೇಯ ಹುಡುಗರದೂ ಅದೇ 16. ಒಂದೇ ಬಾವಿಗೆ ಇಡೀ ಕೇರಿಯವರು ಕೊಡ ಇಳಿಸಿದ ಹಾಗೆ.

ಇನ್ನು ಆ ಕೋಡ್. ಆ ಹೆಸರು ಇಟ್ಟವರ ಮೇಲೆ ನನಗೆ ನಿಜವಾಗಲೂ ಸಿಟ್ಟಿದೆ. ಕೋಡ್ ಹಾಕಿದರೆ ಆಗುವುದು ಇಷ್ಟೇ. ನೀವು ಗುಂಡಿ ಒತ್ತಿ ಮಾತಾಡುವಾಗ ನಿಮ್ಮ ದನಿಯ ಜೊತೆ ತೀರ ಕೆಳಗಿನ ಒಂದು ಗುಂಯ್ ಸದ್ದು ಹೋಗುತ್ತದೆ. ನಮ್ಮ ಕಿವಿಗೆ ಅದು ತಿಳಿಯುವುದಿಲ್ಲ, ಸೆಟ್ಟಿಗೆ ತಿಳಿಯುತ್ತದೆ. ಯಜಮಾನರ ಸೆಟ್ ಆ ಸದ್ದು ಬಂದರೆ ಮಾತ್ರ ಸ್ಪೀಕರ್ ತೆರೆಯುತ್ತದೆ, ಬರದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತದೆ. ಅಂದರೆ ಬೇರೆಯವರ ಮಾತು ನಿಮಗೆ ಕಿರಿಕಿರಿ ಮಾಡದ ಹಾಗೆ ಅದು ತಡೆಯುತ್ತದೆ. ನಿಮ್ಮ ಮಾತನ್ನು ಬೇರೆಯವರಿಂದ ಮುಚ್ಚುವುದೇ ಇಲ್ಲ. ಆಚೆಯವರು ತಮ್ಮ ಸೆಟ್ಟಿನಲ್ಲಿ ಕೋಡನ್ನು ಸೊನ್ನೆಗೆ ಇಟ್ಟಿದ್ದರೆ ಆ ಚಾನೆಲ್ಲಿನ ಎಲ್ಲರ ಮಾತೂ ಅವರಿಗೆ ಸ್ವಚ್ಛವಾಗಿ ಕೇಳುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಅಂತಾರಲ್ಲ, ಪೆಟ್ಟಿಗೆಯ ಮೇಲಿನ ಆ ಎರಡು ಪದ ನಿಮ್ಮನ್ನು ಆ ಬೆಕ್ಕು ಮಾಡಿಬಿಟ್ಟಿದೆ. ತಪ್ಪು ನಿಮ್ಮದಲ್ಲ, ನಿಮ್ಮ ಮಗನದೂ ಅಲ್ಲ.

'ನಮ್ಮ ಸೆಟ್ ಕೆಳಗಿನ ಬ್ಲಾಕಿಗೇ ಸರಿಯಾಗಿ ಮುಟ್ಟಲ್ಲ, ಅಷ್ಟು ದೂರ ಹೇಗೆ ಹೋಯಿತು' ಅಂತ ನೀವು ಕೇಳಬಹುದು. ಮಲೆನಾಡಿನ ಗುಣವೇ ಅದು. ಈ ಅಲೆಗಳು ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತವೆ. ನಡುವೆ ದಿಬ್ಬ ಬಂದರೆ ನಿಂತವು. ಒತ್ತಾಗಿ ಬೆಳೆದ ಸಿಲ್ವರ್ ಓಕ್ ಮರ, ಮಳೆಗಾಲದಲ್ಲಿ ನೆಂದ ಎಲೆ, ಎಲ್ಲಾ ಅಲೆಯನ್ನು ಹೀರುತ್ತವೆ. ಹಾಗಾಗಿ ಕಣಿವೆಯೊಳಗೆ ಅರ್ಧ ಕಿಲೋಮೀಟರ್ ದಾಟುವುದೂ ಕಷ್ಟ. ಆದರೆ ಮನೆ ಅಂಗಳದಲ್ಲಿ ನಿಂತು ಎದುರಿಗೆ ಗುಡ್ಡ ಕಾಣುತ್ತಿದ್ದರೆ ಆ ಗುಡ್ಡದ ಮೇಲಿರುವವರಿಗೆ ನಿಮ್ಮ ದನಿ ಹತ್ತಿರದ್ದೇ. ಕಣ್ಣಿಗೆ ಕಾಣುವ ಕಡೆಗೆಲ್ಲಾ ಮಾತು ಹೋಗುತ್ತದೆ ಅಂದುಕೊಳ್ಳಿ. 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಬಾಹ್ಯಾಕಾಶ ನಿಲ್ದಾಣದ ಜೊತೆ 5 ವ್ಯಾಟಿನ ಕೈಸೆಟ್ ಹಿಡಿದು ಮಾತಾಡಿದ ಹ್ಯಾಮ್‌ಗಳಿದ್ದಾರೆ. ನಡುವೆ ಏನೂ ಅಡ್ಡ ಇಲ್ಲ, ಅದಕ್ಕೆ.

ನಂಬಿಕೆ ಬರದಿದ್ದರೆ ಒಂದು ಸಂಜೆ ಹೀಗೆ ಮಾಡಿ. ಒಂದು ಸೆಟ್ಟಿನ ಮೆನುವಿನಲ್ಲಿ ಕೋಡನ್ನು 12ರಿಂದ ಸೊನ್ನೆಗೆ ತನ್ನಿ. ಅದನ್ನು ಯಜಮಾನರಿಗೆ ಕೊಟ್ಟು ಎದುರಿನ ದಿಬ್ಬ ಹತ್ತಲು ಹೇಳಿ. ನೀವು 12ರಲ್ಲೇ ಇಟ್ಟುಕೊಂಡು ಅಂಗಳದಲ್ಲಿ ನಿಂತು ಒಂದರಿಂದ ಹತ್ತು ಎಣಿಸಿ. ಅವರಿಗೆ ಹತ್ತೂ ಕೇಳುತ್ತದೆ. ಜೊತೆಗೆ ಸುತ್ತಲಿನ ಬೇರೆ ಮನೆಗಳ ಮಾತೂ ಕೇಳಿದರೆ ಆಶ್ಚರ್ಯ ಪಡಬೇಡಿ.

ಈಗ ನನ್ನದೇ ಒಂದು ವಿಷಯ ಹೇಳಬೇಕು. ಇದನ್ನು ಇಲ್ಲಿಯತನಕ ಎಲ್ಲೂ ಬರೆದಿಲ್ಲ.

2003ರ ಕಾಫಿ ಹಣ್ಣಿನ ಕಾಲ. ಆಳುಗಳ ಲೈನ್ ಮನೆಯಲ್ಲಿದ್ದ ಒಬ್ಬ ಆಳಿಗೆ ತಿಂಗಳಿಂದ ಕೆಮ್ಮು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಕಫ ಪರೀಕ್ಷೆಯಲ್ಲಿ ಕ್ಷಯ ಅಂತ ಬಂತು. ಆರು ತಿಂಗಳು ತಪ್ಪದೆ ಮಾತ್ರೆ ತಗೊಂಡರೆ ಪೂರ್ತಿ ವಾಸಿ ಅಂತ ಡಾಕ್ಟರು ಹೇಳಿದರು. ಅವನು ಜೀಪಿನಲ್ಲಿ ಬರುವಾಗ ಒಂದೇ ಮಾತು ಕೇಳಿಕೊಂಡ. 'ರೈಟ್ರೇ, ಲೈನಲ್ಲಿ ಯಾರಿಗೂ ಗೊತ್ತಾಗಬಾರದು.' ನಾನು ಆಯ್ತು ಅಂದೆ. ಮನಸ್ಸಿನಲ್ಲೂ ಹಾಗೇ ಇತ್ತು.

ಮಾರನೇ ದಿನ ಬೆಳಗ್ಗೆ ನಾನು ಮೇಲಿನ ಬ್ಲಾಕಿನಲ್ಲಿದ್ದೆ. ಮೇಸ್ತ್ರಿ ಸೆಟ್ಟಿನಲ್ಲಿ ಕರೆದು, ಅವನು ಯಾಕೆ ಕೆಲಸಕ್ಕೆ ಬಂದಿಲ್ಲ ಅಂತ ಕೇಳಿದ. ನಾನು ಗುಂಡಿ ಒತ್ತಿ ಹೇಳಿಯೇಬಿಟ್ಟೆ. 'ಅವನಿಗೆ ಟಿ.ಬಿ. ಇದೆಯಪ್ಪ, ಎರಡು ವಾರ ಕೆಲಸಕ್ಕೆ ಹಚ್ಚಬೇಡ.' ನನ್ನ ಲೆಕ್ಕದಲ್ಲಿ ನಾನು ಮೇಸ್ತ್ರಿಗೆ ಮಾತ್ರ ಹೇಳಿದ್ದೆ. ಆದರೆ ಮೇಸ್ತ್ರಿಯ ಸೆಟ್ ಅವನ ಕೈಯಲ್ಲಿರಲಿಲ್ಲ. ಕಣದ ಪಕ್ಕದ ಶೆಡ್ಡಿನ ಕಂಬಕ್ಕೆ ಒಂದು ಮೊಳೆ ಹೊಡೆದು, ಅದಕ್ಕೆ ನೇತುಹಾಕಿದ್ದ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಸದ್ದಿನಲ್ಲಿ ಕೇಳಲಿ ಅಂತ ವಾಲ್ಯೂಮ್ ಪೂರ್ತಿ ಕೊಟ್ಟಿದ್ದ. ಆ ಹೊತ್ತಿಗೆ ಸರಿಯಾಗಿ ಪಲ್ಪರ್ ನಿಂತಿತ್ತು. ಕಣದಲ್ಲಿ ಕಾಫಿ ಹರಡುತ್ತಿದ್ದ ಹತ್ತು ಹದಿನೈದು ಹೆಂಗಸರಿಗೆ ನನ್ನ ದನಿ ಕೇಳಿತು. ಅವರಲ್ಲಿ ಅವನ ಹೆಂಡತಿಯೂ ಇದ್ದಳು. ಕಾಫಿ ಎಳೆಯುವ ಹಲಗೆಯನ್ನು ಹಿಡಿದುಕೊಂಡೇ ಅಲ್ಲಾಡದೆ ನಿಂತುಬಿಟ್ಟಳಂತೆ. ಉಳಿದವರು ಅವಳಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರಂತೆ.

ಮೂರು ದಿನದಲ್ಲಿ ನಲ್ಲಿಯ ಹತ್ತಿರ ಅವಳಿಗೆ ಬೇರೆ ಹೊತ್ತು ಅಂತ ಆಯಿತು. ಅವರ ಹುಡುಗನನ್ನು ಬೇರೆ ಮಕ್ಕಳ ಜೊತೆ ಆಟಕ್ಕೆ ಸೇರಿಸಲಿಲ್ಲ. ಎರಡನೇ ವಾರ ಗಂಡ, ಹೆಂಡತಿ, ಮಗು ಮೂರು ಜನ ಬೆಳಗಿನ ಜಾವ ಎದ್ದು ಹೊರಟುಹೋದರು. ಬರಬೇಕಾದ ಸಂಬಳವನ್ನೂ ತಗೊಳ್ಳಲಿಲ್ಲ. ಆ ಮನುಷ್ಯ ಆರು ತಿಂಗಳ ಮಾತ್ರೆ ಮುಗಿಸಿದನಾ ಇಲ್ಲವಾ ಅನ್ನುವುದು ನನಗೆ ಇವತ್ತಿಗೂ ತಿಳಿಯಲಿಲ್ಲ. ಊರು ಹುಡುಕಿಕೊಂಡು ಸಂಬಳ ಕೊಡೋಣ ಅಂತ ಎರಡು ಸಲ ಹೋದೆ. ಸಿಗಲಿಲ್ಲ.

ಇದನ್ನು ಹೇಳಿದ್ದಕ್ಕೆ ಕಾರಣ ಇದೆ ಅಮ್ಮಾ. ಸೆಟ್ಟಿನಲ್ಲಿ ಮಾತು ಸೋರುವುದು ಬರೀ ಗಾಳಿಯಲ್ಲಿ ಅಲ್ಲ. ಆ ತುದಿಯಲ್ಲಿ ಸೆಟ್ ಎಲ್ಲಿದೆ, ಯಾರ ಕೈಯಲ್ಲಿದೆ, ಸುತ್ತ ಯಾರಿದ್ದಾರೆ ಅನ್ನುವುದು ನಮಗೆ ಕಾಣುವುದಿಲ್ಲ. ಫೋನ್ ಆದರೆ ಕಿವಿಗೆ ಇಟ್ಟುಕೊಳ್ಳುತ್ತಾರೆ. ಸೆಟ್ಟಿನ ಸ್ಪೀಕರ್ ಊರಿಗೆಲ್ಲಾ ಸಾರುತ್ತದೆ. ಆ ದಿನ ಯಜಮಾನರ ಜೊತೆ ಕೆಳಗಿನ ಬ್ಲಾಕಿನಲ್ಲಿ ಯಾರಿದ್ದರು ಅಂತಲೂ ಒಮ್ಮೆ ಕೇಳಿ ನೋಡಿ. ಅಲ್ಲಿದ್ದವರ ಮೇಲೆ ಮತ್ತೆ ಅನುಮಾನ ಪಡಿ ಅಂತ ಹೇಳುತ್ತಿಲ್ಲ. ಇನ್ನು ಮುಂದೆ ಗೊತ್ತಿರಲಿ ಅಂತ.

ಸೆಟ್ ಬಿಡಬೇಡಿ. ಆನೆ ಓಡಾಡುವ ಜಾಗದಲ್ಲಿ ಅದಿಲ್ಲದೆ ಯಜಮಾನರನ್ನು ತೋಟಕ್ಕೆ ಕಳಿಸುವುದು ಸರಿಯಲ್ಲ. ಮನೆಯಲ್ಲಿ ಮೂರು ಜನ ಕೂತು ಕೆಲವು ಗುರುತಿನ ಮಾತು ಮಾಡಿಕೊಳ್ಳಿ. ಆಸ್ಟ್ರೇಲಿಯಾದ ಒಳನಾಡಿನ ಸಂಗತಿ ನಿಮಗೆ ಇಷ್ಟವಾಗಬಹುದು. ಅಲ್ಲಿ 1929ರಿಂದ ಪೆಡಲ್ ತುಳಿದು ಕರೆಂಟ್ ಹುಟ್ಟಿಸುವ ವೈರ್‌ಲೆಸ್ ಇತ್ತು. ನೂರಾರು ಮೈಲಿಗೊಂದು ಮನೆ. ಡಾಕ್ಟರ ಹತ್ತಿರ ಮಾತಾಡಬೇಕಾದರೂ ಅದೇ ವೈರ್‌ಲೆಸ್. ಒಬ್ಬ ಹೆಂಗಸು ತನ್ನ ಕಾಯಿಲೆ ಹೇಳಿಕೊಂಡರೆ ಸೆಟ್ ಹಾಕಿಕೊಂಡ ಮನೆಗಳಿಗೆಲ್ಲಾ ಕೇಳುತ್ತಿತ್ತು. ಹೆಂಗಸರು ಹರಟೆ ಹೊಡೆಯುವುದಕ್ಕೇ ಬೇರೆ ಹೊತ್ತು ಇತ್ತು, ಅದಕ್ಕೆ ಅಲ್ಲಿನ ಒಂದು ಗಲಾಟೆ ಗಿಳಿಯ ಹೆಸರಿಟ್ಟಿದ್ದರು. ಆಮೇಲೆ ಪ್ರತಿ ತೋಟಕ್ಕೂ ಒಂದು ಔಷಧಿ ಪೆಟ್ಟಿಗೆ ಕೊಟ್ಟರು. ಒಳಗಿನ ಪ್ರತಿ ಔಷಧಿಗೂ ಒಂದು ನಂಬರ್. ಡಾಕ್ಟರು 'ಇಂಥ ನಂಬರಿನದು ಎರಡು ಕೊಡಿ' ಅಂದರೆ ಮುಗಿಯಿತು. ಹೆಸರು ಗೊಂದಲ ಆಗದಿರಲಿ ಅಂತ ಮಾಡಿದ ಏರ್ಪಾಟು ಅದು. ಆದರೆ ನಂಬರಿನಲ್ಲಿ ಮಾತಾಡುವ ಅಭ್ಯಾಸ ನಮಗೂ ಉಪಯೋಗಕ್ಕೆ ಬರುತ್ತದೆ.

ನಮ್ಮ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಹೀಗೆ ಇಟ್ಟುಕೊಂಡಿದ್ದೇವೆ: 'ಕಾಫಿ ಆರಿದೆ' ಅಂದರೆ ಮನೆಗೆ ಬನ್ನಿ, ಮಾತಾಡಬೇಕು, ಅವಸರ ಇಲ್ಲ. 'ಕಾಫಿ ಉಕ್ಕಿತು' ಅಂದರೆ ಕೈಯಲ್ಲಿದ್ದುದನ್ನು ಬಿಟ್ಟು ಈಗಲೇ ಬನ್ನಿ. ಇಷ್ಟೇ. ವಿಷಯ ಏನು ಅನ್ನುವುದು ಜಗಲಿಯ ಮೇಲೆ, ಮುಖ ನೋಡಿಕೊಂಡು.

ಮಗಳಿಗೆ ಈ ಉತ್ತರವನ್ನು ಓದಲು ಕೊಡಿ. ಅಮ್ಮ ಬೇಕಂತ ತನ್ನ ವಿಷಯವನ್ನು ಬೀದಿಗೆ ತರಲಿಲ್ಲ, ಪೆಟ್ಟಿಗೆ ಮೇಲೆ ಬರೆದದ್ದನ್ನು ನಂಬಿದಳು ಅಂತ ಅವಳಿಗೆ ಗೊತ್ತಾಗಲಿ. ಆ ದಿಬ್ಬದ ಪರೀಕ್ಷೆಗೆ ಯಜಮಾನರ ಬದಲು ಅವಳನ್ನೇ ಕಳಿಸಿದರೂ ಒಳ್ಳೆಯದು.

ಪ್ರಶ್ನೆ: ನಾವು ಹನ್ನೆರಡು ಮನೆಯವರು ಸೇರಿ ಒಂದೇ ಚಾನೆಲ್ ಇಟ್ಟುಕೊಂಡಿದ್ದೇವೆ. ಆನೆ ಎಲ್ಲಿದೆ ಅಂತ ಬೆಳಗ್ಗೆ ಸಂಜೆ ಹೇಳಿಕೊಳ್ಳುತ್ತೇವೆ. ಈಚೆಗೆ ಹೊರಗಿನವರು ಕೇಳುತ್ತಿದ್ದಾರೆ ಅನ್ನುವ ಅನುಮಾನ. ಒಬ್ಬರ ಮನೆಯಲ್ಲಿ ಮೆಣಸು ಕಳುವಾಯಿತು. ಡಿಜಿಟಲ್ ಸೆಟ್ ತಂದು, ಬೀಗ ಹಾಕಿ, ನಮ್ಮ ಹನ್ನೆರಡು ಮನೆಗೆ ಮಾತ್ರ ಕೇಳುವ ಹಾಗೆ ಮಾಡೋಣ ಅಂತ ಕೆಲವರು ಹೇಳುತ್ತಿದ್ದಾರೆ. ನಿಮ್ಮ ಅಭಿಪ್ರಾಯ?
– ಒಬ್ಬ ಯುವ ಬೆಳೆಗಾರ, ಮೂಡಿಗೆರೆ

ಉತ್ತರ: ಬೇಡ ತಮ್ಮಾ. ಆನೆ ಸುದ್ದಿಗೆ ಬೀಗ ಹಾಕಬೇಡಿ.

ನಿಮ್ಮ ಹನ್ನೆರಡು ಮನೆಯ ಹೊರಗೆ ಎಷ್ಟು ಜನ ಆ ದಾರಿಯಲ್ಲಿ ನಡೆಯುತ್ತಾರೆ ಯೋಚನೆ ಮಾಡಿ. ಹಾಲು ಹಾಕಲು ಹೋಗುವವರು, ಶಾಲೆಯ ಮಕ್ಕಳು, ಬೆಳಗ್ಗೆ ಆರೂವರೆಗೆ ಕೆಲಸಕ್ಕೆ ಬರುವ ಆಳುಗಳು. ಹೋಂಸ್ಟೇಯ ಹುಡುಗನ ಹತ್ತಿರವೂ ಒಂದು ಸೆಟ್ ಇದ್ದು, 'ಸೇತುವೆ ಹತ್ತಿರ ಒಂಟಿ ಸಲಗ' ಅನ್ನುವ ನಿಮ್ಮ ಮಾತು ಅವನ ಕಿವಿಗೆ ಬಿದ್ದರೆ ಅವನು ಜೀಪ್ ನಿಲ್ಲಿಸುತ್ತಾನೆ. ಹಾಸನದ ಕಡೆ ಅರಣ್ಯ ಇಲಾಖೆಯವರು ಆನೆ ಇರುವ ಜಾಗವನ್ನು ಮೊಬೈಲ್ ಸಂದೇಶದಲ್ಲಿ ಕಳಿಸುತ್ತಾರೆ, ದಾರಿಯಲ್ಲಿ ಬೋರ್ಡ್ ಹಾಕಿ ತೋರಿಸುತ್ತಾರೆ. ಎಲ್ಲರಿಗೂ ಗೊತ್ತಾಗಲಿ ಅಂತಲೇ ಅಲ್ವಾ? ಸಿಗ್ನಲ್ ಇಲ್ಲದ ಕಡೆ ಆ ಬೋರ್ಡಿನ ಕೆಲಸವನ್ನು ನಿಮ್ಮ ಚಾನೆಲ್ ಮಾಡುತ್ತಿದೆ.

ತೆರೆದ ರೇಡಿಯೋಗೆ ಒಂದು ಬೆಲೆ ಇದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಅಂಡಮಾನಿನಲ್ಲಿ ಫೋನ್ ಎಲ್ಲಾ ನಿಂತುಹೋಯಿತು. ಹ್ಯಾಮ್ ರೇಡಿಯೋ ಪ್ರಯೋಗಕ್ಕೆ ಅಂತ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅನ್ನುವ ಹೆಣ್ಣುಮಗಳು ಮತ್ತು ಅವರ ಜೊತೆಗಾರರು ತಮ್ಮ ಸೆಟ್ಟಿನಿಂದಲೇ ಹೊರಗಿನವರ ಜೊತೆ ಸಂಪರ್ಕ ಇಟ್ಟುಕೊಂಡು ಜನರ ಕ್ಷೇಮ ಸಮಾಚಾರ ಮುಟ್ಟಿಸಿದರು. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ಕೇಳಬಹುದು ಅನ್ನುವುದೇ ದೊಡ್ಡ ಉಪಕಾರ.

ಮೆಣಸಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಗುಂಪಿನಲ್ಲಿ ಒಂದು ವಾರ ಏನೇನು ಮಾತಾಡಿದಿರಿ ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ. ಆನೆಯ ಜೊತೆ ಇವೂ ಇರುತ್ತವೆ: 'ಹದಿನಾಲ್ಕು ಚೀಲ ಒಣಗಿದೆ, ಶನಿವಾರ ಲಾರಿ.' 'ನಾವು ಮದುವೆಗೆ ಹೊರಟಿದ್ದೇವೆ, ಸೋಮವಾರ ಬರ್ತೀವಿ.' 'ಆ ಮುದುಕಪ್ಪ ಒಬ್ಬನೇ ಇದ್ದಾನೆ, ಸ್ವಲ್ಪ ನೋಡಿಕೊಳ್ಳಿ.' ಕಳ್ಳನಿಗೆ ಇನ್ನೇನು ಬೇಕು? ಇವುಗಳಲ್ಲಿ ಒಂದೂ ಸೆಟ್ಟಿನಲ್ಲಿ ಆಡುವ ಮಾತಲ್ಲ. ಚೀಲದ ಲೆಕ್ಕ, ದುಡ್ಡು, ಬೀಗ ಹಾಕಿದ ಮನೆ, ಆಳುಗಳ ಸಾಲ, ಒಬ್ಬರ ಕಾಯಿಲೆ. ಇವನ್ನು ನಡೆದುಕೊಂಡು ಹೋಗಿ ಹೇಳಿ. ಇಲ್ಲವೇ ಸಿಗ್ನಲ್ ಸಿಗುವ ತಿರುವಿನವರೆಗೆ ಬೈಕಿನಲ್ಲಿ ಹೋಗಿ ಫೋನ್ ಮಾಡಿ. ಎಲ್ಲರ ಸೆಟ್ಟಿನ ಹಿಂದೆ ಒಂದು ಚೂರು ಬಿಳಿ ಟೇಪ್ ಅಂಟಿಸಿ 'ಆನೆ, ಬೆಂಕಿ, ಅಪಘಾತ' ಅಂತ ಬರೆದಿಡಿ. ಗುಂಡಿ ಒತ್ತುವಾಗ ಬೆರಳ ಕೆಳಗೇ ಇರುತ್ತದೆ.

ಡಿಜಿಟಲ್ ಅಂದಕೂಡಲೇ ಗುಟ್ಟು ಅಂತ ತಿಳಿಯಬೇಡಿ. ಅದೇ ತರದ ಡಿಜಿಟಲ್ ಸೆಟ್ ಇದ್ದವರಿಗೆ ಮಾತು ಕೇಳುತ್ತದೆ. ಮಾತನ್ನು ನಿಜವಾಗಿ ಗುಪ್ತಲಿಪಿಗೆ ತಿರುಗಿಸುವ ಸೆಟ್ಟುಗಳು ಇವೆ, ಆದರೆ ಅವು ಬೇರೆ ವರ್ಗದವು. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ನಿಮಗೇ ಅಂತ ತರಂಗಾಂತರ, ಲೈಸೆನ್ಸ್ ಎಲ್ಲಾ ಪಡೆಯಬೇಕು. ದೊಡ್ಡ ಕಂಪನಿ ತೋಟಗಳಿಗೆ ಅದು ಸರಿ. ಹನ್ನೆರಡು ಮನೆಗೆ ಆ ಖರ್ಚು ಬೇಕಾ?

ಪ್ರಶ್ನೆ: ನಾನು ಶಾಲೆಯ ಶಿಕ್ಷಕಿ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಮುಚ್ಚುತ್ತೆ ಅಂತ ನಮ್ಮ ಮನೆಯಲ್ಲೂ ಸೆಟ್ ಇದೆ. ಪಕ್ಕದ ತೋಟದ ಯಜಮಾನರು ತಮ್ಮ ತಮ್ಮನ ಜೊತೆ ಮಾತಾಡುವುದು ನಮ್ಮಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಹೋದ ತಿಂಗಳು ಅವರಿಗೆ ಹೃದಯದ ತೊಂದರೆ ಇದೆ, ಹೆಂಡತಿಗೆ ಹೇಳಿಲ್ಲ ಅಂತ ಗೊತ್ತಾಯಿತು. ಅವರ ಹೆಂಡತಿ ನನಗೆ ತುಂಬ ಬೇಕಾದವರು. ಹೇಳಲಾ ಬೇಡವಾ? ನಾನು ಕೇಳಿಸಿಕೊಂಡದ್ದೇ ತಪ್ಪಾ?
– ಓದುಗರು, ಸೋಮವಾರಪೇಟೆ

ಉತ್ತರ: ಮೇಡಂ, ಕಿವಿಗೆ ತಾನಾಗಿ ಬಿದ್ದದ್ದು ತಪ್ಪಲ್ಲ. ಆಮೇಲೆ ವಾಲ್ಯೂಮ್ ಏರಿಸಿ ಕೂತಿದ್ದರೆ ಅದು ತಪ್ಪು. ಎಲ್ಲಿ ಗೆರೆ ದಾಟಿದಿರಿ ಅನ್ನುವುದು ನಿಮಗೇ ಗೊತ್ತಿರುತ್ತದೆ.

ನಮ್ಮ ಹಳೇ ಮನೆಗಳಲ್ಲಿ ಗಂಡಸರು ಹೊಸಿಲು ದಾಟುವ ಮುಂಚೆ ಒಂದು ಸಲ ಕೆಮ್ಮುತ್ತಿದ್ದರು. ನಾನು ಬರ್ತಾ ಇದ್ದೇನೆ, ಒಳಗಿನ ಮಾತು ನಿಲ್ಲಿಸಿ, ಸೆರಗು ಸರಿ ಮಾಡಿಕೊಳ್ಳಿ ಅಂತ. ರೇಡಿಯೋದಲ್ಲೂ ಆ ಕೆಮ್ಮು ಬೇಕು. ಹ್ಯಾಮ್ ಗೆಳೆಯರಿಂದ ನಾನು ಕಲಿತ ಮೊದಲ ಮರ್ಯಾದೆ ಅದು. ಬೇರೆಯವರ ಮನೆಮಾತು ಬರುತ್ತಿದೆ ಅಂತ ಗೊತ್ತಾದಾಗ ಅವರು ಗುಂಡಿ ಬಿಟ್ಟ ಕೂಡಲೇ 'ಅಣ್ಣಾ, ನಿಮ್ಮ ಮಾತು ಈ ಕಡೆ ಬರ್ತಾ ಇದೆ' ಅಂದರೆ ಸಾಕು. ಅವರಿಗೆ ಒಂದು ಕ್ಷಣ ಮುಜುಗರ ಆಗುತ್ತದೆ. ಆದರೆ ಮುಂದಿನ ಹತ್ತು ವರ್ಷ ನಿಮ್ಮನ್ನು ನಂಬುತ್ತಾರೆ.

ಹೆಂಡತಿಗೆ ಹೇಳಬೇಡಿ. ಆ ವಿಷಯ ಯಜಮಾನರದು. ಯಾವಾಗ, ಹೇಗೆ ಹೇಳಬೇಕು ಅನ್ನುವುದೂ ಅವರದೇ. ನೀವು ಮಾಡಬೇಕಾದ್ದು ಅದಕ್ಕಿಂತ ಕಷ್ಟದ ಕೆಲಸ. ಯಜಮಾನರು ಒಬ್ಬರೇ ಸಿಕ್ಕಾಗ ಹೋಗಿ, ಕೇಳಿಸಿಕೊಂಡೆ ಅಂತ ನೇರವಾಗಿ ಹೇಳಿ. ಯಾರಿಗೂ ಹೇಳಿಲ್ಲ ಅಂತಲೂ ಹೇಳಿ. ಹೃದಯದ ವಿಷಯ ಆದ್ದರಿಂದ ಇನ್ನೊಂದು ಮಾತನ್ನೂ ಸೇರಿಸಬಹುದು: 'ರಾತ್ರಿ ಹೊತ್ತು ಏನಾದರೂ ಆದರೆ ಅಕ್ಕನಿಗೆ ಏನು ಮಾಡಬೇಕು ಅಂತ ಗೊತ್ತಿರಬೇಕಲ್ವಾ?' ಅಷ್ಟು ಹೇಳಿ ಎದ್ದು ಬನ್ನಿ.

ತಪ್ಪಾ ಅಂತ ಕೇಳಿದ್ದಕ್ಕೆ ಕಾನೂನಿನ ಮಾತನ್ನೂ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿಗೆ ಹೋದವರು ಅವರು. ಆ ವಯಸ್ಸಿನಲ್ಲಿ ಎಲ್ಲರ ಪರವಾಗಿ ನಿಂತರಲ್ಲ ಅಂತ ನನಗೆ ಅವರ ಮೇಲೆ ತುಂಬ ಗೌರವ. ಆ ಹಕ್ಕನ್ನು ಮುಖ್ಯವಾಗಿ ಸರ್ಕಾರದ ಎದುರು ಕೇಳುವುದು, ನಿಜ. ಆದರೆ ರೇಡಿಯೋಗೆ ತನ್ನದೇ ಹಳೆಯ ನಿಯಮವೂ ಇದೆ. ಅಂತರರಾಷ್ಟ್ರೀಯ ರೇಡಿಯೋ ನಿಯಮಗಳ 17ನೇ ವಿಧಿಯೇ ಗೋಪ್ಯತೆಯದ್ದು. ಸಾರ್ವಜನಿಕರಿಗೆ ಅಂತ ಅಲ್ಲದ ರೇಡಿಯೋ ಮಾತನ್ನು ಅನುಮತಿ ಇಲ್ಲದೆ ಹಿಡಿಯುವುದನ್ನೂ ಅದನ್ನು ಹೊರಗೆ ಹೇಳುವುದನ್ನೂ ದೇಶಗಳು ತಡೆಯಬೇಕು ಅನ್ನುತ್ತದೆ. ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕುವವರು ನಿಮ್ಮ ಕಡೆ ಯಾರಾದರೂ ಇದ್ದರೆ ಅವರಿಗೆ ಇದನ್ನು ತೋರಿಸಿ. ಮಕ್ಕಳಿಗೂ ಹೇಳಿಕೊಡಿ, ನೀವು ಶಿಕ್ಷಕಿ, ನಿಮ್ಮ ಮಾತು ಕೇಳುತ್ತಾರೆ.

ಪ್ರಶ್ನೆ: ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ 'ಎಲ್ಲಾ ತರಂಗಾಂತರ ಸಿಗುವ' 5 ವ್ಯಾಟಿನ ಸೆಟ್ ಸಿಗುತ್ತಿದೆ. ತಗೊಳ್ಳಲಾ?
– ಓದುಗರು, ಕೊಪ್ಪ

ಉತ್ತರ: ತಗೊಳ್ಳಬೇಡಿ. ಅಂಥ ಸೆಟ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಪೊಲೀಸರ, ಅರಣ್ಯ ಇಲಾಖೆಯ ಚಾನೆಲ್ಲಿನ ಮೇಲೆ ಗೊತ್ತಿಲ್ಲದೆ ಮಾತಾಡಿಬಿಡುವ ಅಪಾಯವೂ ಇದೆ. ಲೈಸೆನ್ಸ್ ಬೇಡದ ಸೆಟ್ ಆದರೆ 446.0ರಿಂದ 446.2ರ ಒಳಗೆ ಕೆಲಸ ಮಾಡಬೇಕು, ಇಟಿಎ ಅನ್ನುವ ಸರ್ಕಾರದ ಒಪ್ಪಿಗೆ ಪತ್ರ ಇರಬೇಕು. ಮಾರುವವರು ಇದನ್ನೆಲ್ಲಾ ಸ್ಪಷ್ಟವಾಗಿ ತೋರಿಸಬೇಕು ಅಂತ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ತೋರಿಸದಿದ್ದರೆ ಆ ಅಂಗಡಿ ಬಿಟ್ಟು ಮುಂದೆ ಹೋಗಿ.

ಪ್ರಶ್ನೆ: ತಾತಾ, ನಾನು ಎಂಟನೇ ಕ್ಲಾಸು. ನಮ್ಮ ಅಪ್ಪನ ಸೆಟ್ಟಿನಲ್ಲಿ ರಾತ್ರಿ ಹೊತ್ತು ದೂರದವರ ಮಾತು ಬರುತ್ತೆ. ಕೇಳೋಕೆ ತುಂಬ ಇಷ್ಟ. ಆದರೆ ಅಪ್ಪ ಬೈತಾರೆ. ಹ್ಯಾಮ್ ಆಗೋಕೆ ಎಷ್ಟು ವಯಸ್ಸಾಗಿರಬೇಕು?
– ಒಬ್ಬ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: 12 ತುಂಬಿದರೆ ಸಾಕು ಪುಟ್ಟಾ, ನೀನು ಆಗಲೇ ದಾಟಿದ್ದೀಯ. ಎರಡು ದರ್ಜೆ ಇದೆ. ಮೊದಲನೆಯದರಲ್ಲಿ ರೇಡಿಯೋ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಸ್ವಲ್ಪ, ನಿಯಮ ಸ್ವಲ್ಪ. ಎರಡನೆಯದಕ್ಕೆ ಚುಕ್ಕೆ-ಗೆರೆಯ ಮೋರ್ಸ್ ಸಂಕೇತ ಕೂಡ ಕಲಿಯಬೇಕು. ಎಂಟನೇ ಕ್ಲಾಸಿನ ವಿಜ್ಞಾನ ಬಂದರೆ ಮೊದಲನೆಯದು ಕಷ್ಟ ಇಲ್ಲ. ಪಾಸಾದರೆ ವಿಯು3ಯಿಂದ ಶುರುವಾಗುವ ಒಂದು ಗುರುತು ಕೊಡುತ್ತಾರೆ. ಪ್ರಪಂಚದಲ್ಲಿ ಅದು ನಿನ್ನೊಬ್ಬಳದೇ.

ಹ್ಯಾಮ್‌ಗಳು ಒಬ್ಬರನ್ನೊಬ್ಬರು ಎಲ್ಲರಿಗೂ ಕೇಳುವ ಹಾಗೇ ಮಾತಾಡಿಸುತ್ತಾರೆ. ಅಲ್ಲಿ ಗುಪ್ತಲಿಪಿ ಹಾಕುವ ಹಾಗೇ ಇಲ್ಲ. ಹವಾಮಾನ, ಆಂಟೆನಾ, ಊಟ ಆಯ್ತಾ, ನಿಮ್ಮೂರಲ್ಲಿ ಮಳೆ ಹೇಗಿದೆ, ಇವೇ ಮಾತು. ಯಾರು ಬೇಕಾದರೂ ಕೇಳಲಿ ಅಂತಲೇ ಆಡುವ ಮಾತು ಅವು. ಅಪ್ಪನ ಸೆಟ್ಟಿನಲ್ಲಿ ನಿನಗೆ ಬರುತ್ತಿರುವುದು ಬೇರೆ, ಅದು ಯಾರದೋ ಮನೆಯ ಮಾತು. ಅಪ್ಪ ಬೈದದ್ದು ಅದಕ್ಕೆ ಇರಬೇಕು. ಅವರಿಗೆ ಈ ಪುಟ ತೋರಿಸಿ, ಪರೀಕ್ಷೆಗೆ ಓದುತ್ತೇನೆ ಅಂತ ಕೇಳು. ನನ್ನ ಹತ್ತಿರ ಹಳೆಯ ನೋಟ್ಸ್ ಇದೆ, ಅಂಚಿನಲ್ಲಿ ನನ್ನ ಕೈಬರಹದ ಟಿಪ್ಪಣಿ ಜಾಸ್ತಿ. ಪತ್ರಿಕೆಯ ವಿಳಾಸಕ್ಕೆ ಅಪ್ಪನ ಕೈಯಲ್ಲಿ ಒಂದು ಸಾಲು ಬರೆಸಿ ಕಳಿಸಿದರೆ ಅವರ ಹೆಸರಿಗೆ ಅಂಚೆಯಲ್ಲಿ ಹಾಕುತ್ತೇನೆ.